ಹಾಟ್‌ಸ್ಪಾಟ್ ಸಾಕಾ, ಮನೆಗೆ ಫೈಬರ್ ಬೇಕಾ: ಒಬ್ಬ ಹಳೇ ಲೈನ್‌ಮ್ಯಾನ್ ಲೆಕ್ಕ

ನಾನು ಕಂಬ ಹತ್ತಿ ಸಂಬಳ ತಗೊಂಡವನು. ತೀರ್ಥಹಳ್ಳಿ, ಕೊಪ್ಪದ ಕಡೆಯ ಹಳ್ಳಿಗಳಲ್ಲಿ 30 ವರ್ಷಕ್ಕೂ ಜಾಸ್ತಿ ಟೆಲಿಫೋನ್ ಲೈನ್ ನೋಡಿಕೊಂಡೆ. 2020ರ ಜನವರಿ 31ರಂದು ಬಿಎಸ್‌ಎನ್‌ಎಲ್‌ನ 78 ಸಾವಿರಕ್ಕೂ ಹೆಚ್ಚು ಜನ ಒಂದೇ ದಿನ ವಿಆರ್‌ಎಸ್ ತಗೊಂಡು ಮನೆಗೆ ಹೋದರಲ್ಲ, ಅವರಲ್ಲಿ ನಾನೂ ಒಬ್ಬ. ಟೆಸ್ಟ್ ಫೋನ್, ಬೆಲ್ಟು, ಏಣಿ ಎಲ್ಲ ವಾಪಸ್ ಕೊಟ್ಟೆ. ಕಟಿಂಗ್ ಪ್ಲೇಯರ್ ಮಾತ್ರ ಹೇಗೋ ಜೇಬಲ್ಲೇ ಉಳಿಯಿತು.

ನಾನು ಕೆಲಸ ಬಿಟ್ಟರೂ ಜನ ನನ್ನನ್ನು ಬಿಡಲಿಲ್ಲ. ಮದುವೆ ಊಟಕ್ಕೆ ಕೂತರೆ ಪಕ್ಕದ ಎಲೆಯವರು ಸಾರು ಬರುವ ಮುಂಚೆ ಕೇಳುತ್ತಾರೆ. "ನಮ್ಮನೆಗೆ ಫೈಬರ್ ಹಾಕ್ಸೋದಾ, ಅಥವಾ ಮೊಬೈಲ್ ಹಾಟ್‌ಸ್ಪಾಟ್‌ನಲ್ಲೇ ಸುಧಾರ್ಸೋದಾ? ನೀವೇ ಹೇಳಿ." ಪಾಯಸ ಬರುವಷ್ಟರಲ್ಲಿ ಹೇಳಿ ಮುಗಿಯುವ ವಿಷಯ ಇದಲ್ಲ. ಹಾಗಾಗಿ ಬರೆದೇ ಬಿಡುತ್ತಿದ್ದೇನೆ.

ಈ ಪ್ರಶ್ನೆ ನನಗೆ ಹೊಸದೇನೂ ಅಲ್ಲ. 2008ರ ಸುಮಾರಿಗೆ ಇದೇ ಜನ ಬೇರೆ ಮಾತಲ್ಲಿ ಕೇಳುತ್ತಿದ್ದರು. "ಡಯಲ್‌ಅಪ್ ಸಾಕಾ, ಬ್ರಾಡ್‌ಬ್ಯಾಂಡ್ ತಗೊಳ್ಳೋದಾ?"

ಡಯಲ್‌ಅಪ್ ನೋಡದ ಹುಡುಗರಿಗಾಗಿ ಎರಡು ಮಾತು. ಕಂಪ್ಯೂಟರ್ ನಿಮ್ಮ ಮನೆಯ ಫೋನಿನಿಂದಲೇ ಒಂದು ನಂಬರ್‌ಗೆ ಡಯಲ್ ಮಾಡುತ್ತಿತ್ತು. ಮೋಡೆಮ್ ಕೀಂ ಕರ್ರ್ ಅಂತ ಅರಚಿ, ಆಮೇಲೆ ಸುಮ್ಮನಾದರೆ ಇಂಟರ್‌ನೆಟ್ ಸಿಕ್ಕಿತು ಅಂತ ಅರ್ಥ. ಹೆಚ್ಚೆಂದರೆ 56 ಕೆಬಿಪಿಎಸ್. ಅಂದರೆ ಲೆಕ್ಕಕ್ಕೆ ಸೆಕೆಂಡಿಗೆ 7 ಕಿಲೋಬೈಟ್, ಕೈಗೆ ಸಿಗುತ್ತಿದ್ದದ್ದು 4 ಅಥವಾ 5. ಐದು ಎಂಬಿಯ ಒಂದು ಹಾಡು ಇಳಿಯಲು ಹತ್ತಿರ ಹತ್ತಿರ 20 ನಿಮಿಷ. ಅಷ್ಟು ಹೊತ್ತೂ ಮನೆಯ ಫೋನ್ ಎಂಗೇಜ್, ಪಲ್ಸ್ ಲೆಕ್ಕದಲ್ಲಿ ಬಿಲ್ಲೂ ಓಡುತ್ತಿತ್ತು. ಅಡುಗೆಮನೆಯಲ್ಲಿ ಯಾರಾದರೂ ಪ್ಯಾರಲಲ್ ಫೋನ್ ಎತ್ತಿದರೆ ಮುಗಿಯಿತು, ಲೈನ್ ಕಟ್, ಹಾಡು ಅರ್ಧಕ್ಕೇ ನಿಂತಿತು.

2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಸರ್ಕಾರ 256 ಕೆಬಿಪಿಎಸ್ ಇದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಅನ್ನಬಹುದು ಅಂತ ಹೇಳಿತು. ಮುಂದಿನ ವರ್ಷ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾವನ್ ಬಂತು. ನಮ್ಮ ಕಡೆಗೆ ಅದು ಬರಲು ಇನ್ನೂ ಎರಡು ಮೂರು ವರ್ಷ ಹಿಡಿಯಿತು. ಅಷ್ಟರಲ್ಲಿ ಸ್ಪೀಡ್ 2 ಎಂಬಿಪಿಎಸ್‌ಗೆ ಏರಿತ್ತು. ನಾವು ಮನೆ ಮನೆಗೆ ಹೋಗಿ ಸ್ಪ್ಲಿಟರ್ ಅನ್ನೋ ಪುಟ್ಟ ಡಬ್ಬಿ ಹಾಕುತ್ತಿದ್ದೆವು. ಮಾತು ಒಂದು ಕಡೆ, ಡೇಟಾ ಇನ್ನೊಂದು ಕಡೆ. ಒಂದೇ ತಂತಿ, ಎರಡು ಕೆಲಸ.

ಆಗ ಎರಡು ಮನೆಗಳಿಂದ ಒಂದೇ ವಾರ ಕರೆ ಬಂತು. ಒಂದು, ರಿಟೈರ್ಡ್ ಹೆಡ್‌ಮಾಸ್ಟರ್ ಮನೆ. ಮಗಳು ಅಮೆರಿಕದಲ್ಲಿ, ಮೊಮ್ಮಗುವಿನ ಫೋಟೋ ಕಳಿಸುತ್ತಾಳೆ, ಡಯಲ್‌ಅಪ್‌ನಲ್ಲಿ ಹಣೆ ಕಾಣುವಷ್ಟರಲ್ಲಿ ಲೈನ್ ಹೋಗುತ್ತದೆ. ಎಕ್ಸ್‌ಚೇಂಜ್‌ನಿಂದ ಅವರ ಮನೆ ಒಂದು ಕಿಲೋಮೀಟರೂ ಇಲ್ಲ. "ಹಾಕಿಸಿ ಮೇಷ್ಟ್ರೇ" ಅಂದೆ. ಇನ್ನೊಂದು, ದೊಡ್ಡ ತೋಟದವರ ಮನೆ. ದುಡ್ಡಿಗೆ ಬರವಿಲ್ಲ, ಹೊಸ ಕಂಪ್ಯೂಟರ್ ಬೇರೆ ಬಂದಿದೆ. ಆದರೆ ಲೈನ್ 6 ಕಿಲೋಮೀಟರ್, ಅರ್ಧ ಕಾಡಿನಲ್ಲಿ, ಹತ್ತಾರು ಜಾಯಿಂಟ್. ತಾಮ್ರದ ತಂತಿಯಲ್ಲಿ ಮೂರು ನಾಲ್ಕು ಕಿಲೋಮೀಟರ್ ದಾಟಿದರೆ ಆ ಸಿಗ್ನಲ್ ಸೊರಗಿ ಹೋಗುತ್ತದೆ. "ಬೇಡ" ಅಂದೆ. ಅವರಿಗೆ ಸಿಟ್ಟು ಬಂತು. ಹಠ ಮಾಡಿ ಹಾಕಿಸಿದರು. ಆರಿದ್ರ ಮಳೆ ಶುರುವಾದ ಮೇಲೆ ಮೋಡೆಮ್‌ನ ಲೈಟ್ ಮಿಣುಕಿದ್ದೇ ಮಿಣುಕಿದ್ದು, ಸ್ಥಿರವಾಗಿ ನಿಲ್ಲಲೇ ಇಲ್ಲ.

ಇಬ್ಬರೂ ಓದಿದ್ದು ಒಂದೇ ಪ್ಲಾನ್, ಕಟ್ಟಿದ್ದು ಒಂದೇ ಬಾಡಿಗೆ. ವ್ಯತ್ಯಾಸ ಇದ್ದದ್ದು ಕಂಬದಿಂದ ಮನೆಯ ತನಕ. ನಾನು ಈಗಲೂ ಪ್ಲಾನ್ ಹಾಳೆಯನ್ನು ಕೊನೆಗೆ ನೋಡುತ್ತೇನೆ. ಮೊದಲು ಚಪ್ಪಲಿ ಮೆಟ್ಟಿ ಕಂಬದ ತನಕ ನಡೆಯುತ್ತೇನೆ.

ಆದರೆ ಅದಕ್ಕೂ ಮುಂಚೆ ಮನೆಯೊಳಗೆ ಒಂದು ವಾರದ ಕೆಲಸ ಇದೆ.

ಒಂದು ವಾರ ಬರೆದಿಡಿ

ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇರುತ್ತದಲ್ಲ, ಅದರ ಮೇಲೇ ಬರೆಯಿರಿ. ಪ್ರತಿ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಯೂಸೇಜ್ ಅಂತ ಇರುತ್ತದೆ. ರಾತ್ರಿ ಮಲಗುವ ಮುಂಚೆ ಆ ದಿನ ಎಷ್ಟು ಖರ್ಚಾಯಿತು ನೋಡಿ ಬರೆಯಿರಿ. ಜತೆಗೆ ಇನ್ನೊಂದು ಬರೆಯಿರಿ, ಇದು ಮುಖ್ಯ: ಇವತ್ತು ಯಾರ ಡೇಟಾ ಎಷ್ಟು ಗಂಟೆಗೆ ಮುಗಿಯಿತು, ಆಮೇಲೆ ಯಾರ ಹಾಟ್‌ಸ್ಪಾಟ್ ಕೇಳಿದರು.

ಅಂದಾಜಿಗೆ ಒಂದು ಲೆಕ್ಕ ಇಟ್ಟುಕೊಳ್ಳಿ. ಟೀವಿಯಲ್ಲಿ ಎಚ್‌ಡಿ ಸಿನಿಮಾ ನೋಡಿದರೆ ಗಂಟೆಗೆ 2–3 ಜಿಬಿ. 4ಕೆ ಆದರೆ 7 ಜಿಬಿ ತನಕ ನುಂಗುತ್ತದೆ. ವಾಟ್ಸಾಪ್ ಮೆಸೇಜು, ಅಡಿಕೆ ಧಾರಣೆ, ಬ್ಯಾಂಕಿನ ಆ್ಯಪ್ಪು ಇವೆಲ್ಲ ಲೆಕ್ಕಕ್ಕೇ ಬರುವುದಿಲ್ಲ. ಅಂದರೆ ದಿನಕ್ಕೆ 2 ಜಿಬಿಯ ರೀಚಾರ್ಜ್ ಇದ್ದವರು ಫೋನಿನಲ್ಲಿ ಎಷ್ಟು ಬೇಕಾದರೂ ಮಾತಾಡಬಹುದು, ಓದಬಹುದು, ಆದರೆ ಟೀವಿಗೆ ಒಂದು ಸಿನಿಮಾ ಹಾಕಿದರೆ ಇಂಟರ್ವಲ್‌ಗೆ ಖಾಲಿ.

ಒಂದು ವಾರ ಬರೆದ ಮೇಲೆ ನಿಮ್ಮ ಮನೆ ಯಾವ ಜಾತಿಯದು ಅಂತ ಗೊತ್ತಾಗುತ್ತದೆ. ಇಬ್ಬರೇ ಇರುವ ಮನೆ, ದಿನಾ ಅರ್ಧ ಜಿಬಿಯೂ ಮುಗಿಯುವುದಿಲ್ಲ, ಜಗಲಿಯಲ್ಲಿ ಕೂತರೆ ಸಿಗ್ನಲ್ ಚೆನ್ನಾಗಿದೆ ಅಂದರೆ ಇಲ್ಲಿಗೇ ಓದುವುದು ನಿಲ್ಲಿಸಿ ತೋಟಕ್ಕೆ ಹೋಗಿ. ನಿಮಗೆ ಫೈಬರ್ ಬೇಡ. ಅಕ್ಕಪಕ್ಕದವರು ಹಾಕಿಸಿದರು ಅಂತ ಹಾಕಿಸುವುದು ಸುಮ್ನೆ ದಂಡ.

ದುಡ್ಡಿನ ಲೆಕ್ಕ, ಮತ್ತು ಉಳಿದ 123 ರೂಪಾಯಿ

ಇಲ್ಲಿ ನಮ್ಮ ಮನೆಯದನ್ನೇ ಹೇಳುತ್ತೇನೆ. ನಾನು, ನಮ್ಮ ಮನೆಯವಳು, ಮಗ, ಸೊಸೆ. ನಾಲ್ಕು ಫೋನು. ಮೊಮ್ಮಗಳಿಗೆ ಫೋನಿಲ್ಲ, ಆದರೆ ನಾಲ್ಕೂ ಅವಳದ್ದೇ.

ನಾಲ್ವರೂ 28 ದಿನಕ್ಕೆ 349 ರೂಪಾಯಿಯ, ದಿನಕ್ಕೆ 2 ಜಿಬಿಯ ರೀಚಾರ್ಜ್ ಹಾಕಿಸುತ್ತಿದ್ದೆವು. ಇಲ್ಲಿ ಬಹಳ ಜನ ತಪ್ಪು ಲೆಕ್ಕ ಹಾಕುತ್ತಾರೆ. 28 ದಿನ ಅಂದರೆ ತಿಂಗಳಲ್ಲ. ವರ್ಷಕ್ಕೆ 12 ಸಲ ಅಲ್ಲ, 13 ಸಲ ಹಾಕಿಸಬೇಕು. ಒಂದು ಫೋನಿಗೆ 4,537. ನಾಲ್ಕಕ್ಕೆ 18,148 ರೂಪಾಯಿ. ಈ ಮೊತ್ತ ಒಟ್ಟಿಗೆ ಕೈಬಿಟ್ಟು ಹೋಗುವುದಿಲ್ಲವಲ್ಲ, ಹಾಗಾಗಿ ಯಾರಿಗೂ ಗೊತ್ತೇ ಆಗುವುದಿಲ್ಲ.

ಈಗ ಫೈಬರ್ ಹಾಕಿಸಿದರೆ? ಬೋರ್ಡಿನಲ್ಲಿ 399, 449, 499 ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಇದೆ. 449ರ ಪ್ಲಾನಿಗೆ ಕೈಯಿಂದ ಹೋಗುವುದು 529 ರೂಪಾಯಿ 82 ಪೈಸೆ. ವರ್ಷಕ್ಕೆ 6,358 ಅಂತ ಇಟ್ಟುಕೊಳ್ಳಿ. ನಾವಿಬ್ಬರು ಮುದುಕರು ಮನೆಯಲ್ಲೇ ಇರುವವರು. ನಮಗೆ ಹೊರಗೆ ಡೇಟಾ ಯಾಕೆ? ಈಗ ಬರೀ ಮಾತಿಗೆ, ಎಸ್‌ಎಂಎಸ್‌ಗೆ ಅಂತಲೇ ರೀಚಾರ್ಜ್ ಇವೆ. 2024ರ ಕೊನೆಗೆ ಟೆಲಿಕಾಂ ನಿಯಂತ್ರಕ ಟ್ರಾಯ್ ಹೇಳಿದ ಮೇಲೆ ಕಂಪನಿಗಳು ಬಿಟ್ಟದ್ದು. 84 ದಿನಕ್ಕೆ 448 ರೂಪಾಯಿಯದ್ದು ಒಂದು ಇದೆ. ಇಬ್ಬರಿಗೂ ಅದು, ವರ್ಷಕ್ಕೆ ಒಟ್ಟು 3,893. ಮಗ ಸೊಸೆಗೆ ಓಡಾಟ ಇದೆ, ಅವರು 299ರದ್ದಕ್ಕೆ ಇಳಿದರು. ಇಬ್ಬರದ್ದೂ ಸೇರಿ 7,774. ಎಲ್ಲ ಕೂಡಿಸಿ 18,025.

ವರ್ಷಕ್ಕೆ ಉಳಿತಾಯ 123 ರೂಪಾಯಿ! ಒಂದು ಹೊತ್ತು ಮಸಾಲೆದೋಸೆಗೆ ನಾಲ್ಕು ಜನಕ್ಕೆ ಸಾಲದು.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳಿದೆ ಅಂದರೆ, "ಫೈಬರ್ ಹಾಕಿಸಿದರೆ ದುಡ್ಡು ಉಳಿಯುತ್ತೆ" ಅಂತ ಮಾರುವವರು ಹೇಳುತ್ತಾರೆ, "ದಂಡಕ್ಕೆ ಖರ್ಚು" ಅಂತ ಮನೆಯ ಹಿರಿಯರು ಹೇಳುತ್ತಾರೆ. ನಾಲ್ಕು ಫೋನಿನ ಮನೆಯಲ್ಲಿ ಎರಡೂ ಸುಳ್ಳು. ಹತ್ತಿರ ಹತ್ತಿರ ಸಮ. ನಿಮ್ಮ ಮನೆಯಲ್ಲಿ ಎರಡೇ ಫೋನಾದರೆ ಫೈಬರ್ ಜಾಸ್ತಿ ಬೀಳುತ್ತದೆ. ಐದಾರು ಫೋನಾದರೆ ಕಡಿಮೆ. ಆದರೆ ಒಂದು ಷರತ್ತು: ಫೈಬರ್ ಬಂದ ಮೇಲೆ ಫೋನಿನ ರೀಚಾರ್ಜ್ ಇಳಿಸಲೇಬೇಕು. ಹಳೇದನ್ನೂ ಹಾಗೇ ಹಾಕಿಸಿಕೊಂಡು, ವೈಫೈಗೂ ಕಟ್ಟುತ್ತಾ ಇರುವ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮೇಲಿನ ಬೆಲೆಗಳು ನಾಳೆ ಬದಲಾಗುತ್ತವೆ. ಲೆಕ್ಕ ಹಾಕುವ ರೀತಿ ಬದಲಾಗುವುದಿಲ್ಲ.

ಕಂಬದಿಂದ ಮನೆಯ ತನಕ

ದುಡ್ಡು ಸಮ ಅಂತಾದ ಮೇಲೆ ತೀರ್ಮಾನ ಮಾಡುವುದು ಲೈನು.

ತಾಮ್ರಕ್ಕೂ ಫೈಬರ್‌ಗೂ ದೊಡ್ಡ ವ್ಯತ್ಯಾಸ ದೂರದ್ದು. 1986ರ ಜುಲೈನಲ್ಲಿ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆಯಾದ ಸಿ-ಡಾಟ್‌ನವರ ಮೊದಲ ಹಳ್ಳಿ ಎಕ್ಸ್‌ಚೇಂಜ್ ನಮ್ಮ ಕಿತ್ತೂರಿನಲ್ಲಿ ಶುರುವಾಯಿತು. 128 ಲೈನಿನದು, ಎಸಿ ಬೇಡ, ಸಣ್ಣ ಕೋಣೆ ಸಾಕು. ಅಂಥವು ಆಮೇಲೆ ಊರೂರಿಗೆ ಬಂದವು. ನಮ್ಮ ಕೆಲಸವೆಲ್ಲ ಆ ಕೋಣೆಯಿಂದ ಎಷ್ಟು ದೂರ ಅನ್ನುವ ಲೆಕ್ಕದಲ್ಲೇ ನಡೆಯುತ್ತಿತ್ತು. ಫೈಬರ್‌ಗೆ ಆ ತೊಂದರೆ ಇಲ್ಲ. ಗಾಜಿನ ಎಳೆಯಲ್ಲಿ ಬೆಳಕು ಹೋಗುವುದು. 15 ಕಿಲೋಮೀಟರ್ ಆದರೂ ಸ್ಪೀಡ್ ಅಷ್ಟೇ. ಅದಕ್ಕೇ 2008ರಲ್ಲಿ ನಾನು "ಬೇಡ" ಅಂದ ಆ ತೋಟದ ಮನೆಗೆ ಈಗ "ಬೇಕು" ಅನ್ನುತ್ತೇನೆ. ಹೋಗಿ ಹೇಳಿಯೂ ಬಂದೆ. ಕಾಫಿ ಕೊಟ್ಟರು. ಹಳೇ ಸಿಟ್ಟು ಇನ್ನೂ ಸ್ವಲ್ಪ ಇತ್ತು.

ಆದರೆ ಫೈಬರ್ ತುಂಡಾದರೆ? ತಾಮ್ರವನ್ನು ನಾನು ಹಲ್ಲಿನಲ್ಲಿ ಸಿಪ್ಪೆ ಕಚ್ಚಿ ತೆಗೆದು, ಮಳೆಯಲ್ಲೇ ಮುರಿ ಹಾಕಿ, ಟೇಪ್ ಸುತ್ತಿ ಬರುತ್ತಿದ್ದೆ. ಗಾಜಿನ ಎಳೆಗೆ ತುದಿ ಕರಗಿಸಿ ಕೂಡಿಸುವ ಸ್ಪ್ಲೈಸಿಂಗ್ ಮಷಿನ್ ಬೇಕು. ಅದು ಎಲ್ಲರ ಹತ್ತಿರ ಇರುವುದಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಮರ ಬೀಳದ ದಿನ ಇಲ್ಲ. ಮಂಗಗಳಿಗೆ ಕೇಬಲ್ ಅಂದರೆ ಉಯ್ಯಾಲೆ. ಬೇಸಿಗೆಯಲ್ಲಿ ಬೇಲಿ ಸವರುವವರ ಕತ್ತಿ. ಲೈನ್ ಹೋಗೇ ಹೋಗುತ್ತದೆ. ಹೋದ ಮೇಲೆ ಎಷ್ಟು ದಿನಕ್ಕೆ ಬರುತ್ತದೆ, ಅದೊಂದೇ ಪ್ರಶ್ನೆ.

ಹಾಗಾಗಿ ಹೀಗೆ ಮಾಡಿ. ನಿಮ್ಮ ಮನೆಗೆ ಫೈಬರ್ ಯಾವ ಕಂಬದಿಂದ ಬರುತ್ತದೆ ಅಂತ ಮಾರುವವರ ಹತ್ತಿರ ಕೇಳಿ. ಆ ಕಂಬದ ತನಕ ನಡೆಯಿರಿ. ದಾರಿಯಲ್ಲಿ ಎಷ್ಟು ಮರ, ಎಷ್ಟು ಜನರ ಜಾಗ, ಎಲ್ಲಿ ಲಾರಿ ಓಡಾಡುತ್ತದೆ ನೋಡಿ. ಅದೇ ಲೈನಿನಲ್ಲಿ ಇರುವ ಎರಡು ಮನೆಗೆ ಹೋಗಿ. "ಸ್ಪೀಡ್ ಹೇಗಿದೆ" ಅಂತ ಕೇಳಬೇಡಿ. ಎಲ್ಲರೂ "ಪರವಾಗಿಲ್ಲ" ಅಂತಲೇ ಅನ್ನುತ್ತಾರೆ. "ಕಳೆದ ಮಳೆಗಾಲದಲ್ಲಿ ಎಷ್ಟು ಸಲ ಹೋಯ್ತು, ಒಂದೊಂದು ಸಲಕ್ಕೆ ಎಷ್ಟು ದಿನ ಇರಲಿಲ್ಲ, ಯಾರು ಬಂದು ಸರಿ ಮಾಡಿದರು" ಅಂತ ಕೇಳಿ. ಮೂರನೇದಕ್ಕೆ ಅವರು ಒಬ್ಬ ಹುಡುಗನ ಹೆಸರು ಹೇಳಿ, ಫೋನ್ ನಂಬರ್ ಕೊಟ್ಟರೆ ಒಳ್ಳೇ ಲಕ್ಷಣ. "ಕಸ್ಟಮರ್ ಕೇರ್‌ಗೆ ಫೋನ್ ಮಾಡಬೇಕು" ಅಂದರೆ ಯೋಚನೆ ಮಾಡಿ.

ನಮ್ಮ ಕಡೆ ಹಳ್ಳಿಗಳಲ್ಲಿ ಫೈಬರ್ ಕೊಡುವವರು ಸಾಧಾರಣವಾಗಿ ಹಳೇ ಕೇಬಲ್ ಟೀವಿಯವರು. ಬಿಎಸ್‌ಎನ್‌ಎಲ್ ಫೈಬರ್ ಕೂಡ ಎಷ್ಟೋ ಕಡೆ ಇಂಥ ಸ್ಥಳೀಯ ಪಾಲುದಾರರ ಮೂಲಕವೇ ಮನೆಗೆ ಬರುವುದು. ಬಿಲ್ ಮೇಲೆ ಯಾವ ಹೆಸರೇ ಇರಲಿ, ಏಣಿ ಹತ್ತುವವನು ನಿಮ್ಮೂರ ಹುಡುಗ. ಅವನ ಬೈಕ್ ನಿಮ್ಮ ಮನೆಗೆ ಅರ್ಧ ಗಂಟೆಯೊಳಗೆ ಬರುವಂತಿದ್ದರೆ ನನ್ನ ಲೆಕ್ಕದಲ್ಲಿ ಅದು 100 ಎಂಬಿಪಿಎಸ್‌ಗಿಂತ ದೊಡ್ಡದು.

ನಾನೇ ಒಮ್ಮೆ ಎಡವಿದ್ದೇನೆ. ತಂಗಿಯ ಮನೆಗೆ ಒಂದು ಕಂಪನಿಯ ಫೈಬರ್ ಹಾಕಿಸಿದೆವು. ಆಫರ್ ಚೆನ್ನಾಗಿತ್ತು, ಮೂರು ತಿಂಗಳು ಫ್ರೀ. ಹಾಕುವ ದಿನ ನಾಲ್ಕು ಜನ ಬಂದರು. ಪುಷ್ಯ ಮಳೆಗೆ ಹಲಸಿನ ಕೊಂಬೆ ಬಿದ್ದು ಕೇಬಲ್ ಹೋಯಿತು. ಆಮೇಲೆ ಒಬ್ಬರೂ ಬರಲಿಲ್ಲ. 19 ದಿನ. ಭಾವ ಪ್ರತಿ ದಿನ ನನಗೆ ಫೋನ್ ಮಾಡುತ್ತಿದ್ದರು, ನಾನೇ ಕೊಂಬೆ ಕಡಿದವನ ಹಾಗೆ. ಆ ಸಲ ಅಕ್ಕಪಕ್ಕದ ಮನೆಯಲ್ಲಿ ವಿಚಾರಿಸಿರಲಿಲ್ಲ. ವಿಚಾರಿಸಲು ಅಕ್ಕಪಕ್ಕ ಆ ಕಂಪನಿಯ ಲೈನೇ ಇರಲಿಲ್ಲ. ಅದೂ ಒಂದು ಉತ್ತರವೇ ಆಗಿತ್ತು, ನನಗೆ ಹೊಳೆಯಲಿಲ್ಲ ಅಷ್ಟೆ.

ಸಿಗ್ನಲ್ಲೇ ಇಲ್ಲದ ಮನೆ

ಇಲ್ಲಿ ಮೇಲಿನ ಎಲ್ಲ ಲೆಕ್ಕ ಪಕ್ಕಕ್ಕಿಡಿ. ಮಾತಾಡಲು ಗುಡ್ಡ ಹತ್ತಬೇಕಾದ ಮನೆಗಳು ಮಲೆನಾಡಿನಲ್ಲಿ ಇನ್ನೂ ಇವೆ. ಕೋವಿಡ್ ವರ್ಷ ಮಕ್ಕಳು ಟಾರ್ಪಲ್ ಕಟ್ಟಿಕೊಂಡು ಗುಡ್ಡದ ಮೇಲೆ ಆನ್‌ಲೈನ್ ಕ್ಲಾಸ್ ಕೇಳಿದ್ದನ್ನು ನಾವೆಲ್ಲ ನೋಡಿದ್ದೇವೆ. ಅಂಥ ಮನೆಗೆ ಫೈಬರ್ ಬರುವ ಹಾಗಿದ್ದರೆ ಎರಡನೇ ಯೋಚನೆ ಬೇಡ, ಹಾಕಿಸಿ. ಸಿನಿಮಾಕ್ಕಲ್ಲ, ಮಾತಿಗೆ. ಈಗಿನ ಬಹಳಷ್ಟು ಫೋನುಗಳಲ್ಲಿ ವೈಫೈ ಕಾಲಿಂಗ್ ಅಂತ ಒಂದು ಸ್ವಿಚ್ ಇದೆ. ಅದನ್ನು ಆನ್ ಮಾಡಿದರೆ ಟವರ್ ಇಲ್ಲದಿದ್ದರೂ ನಿಮ್ಮ ನಂಬರ್‌ಗೇ ಕರೆ ಬರುತ್ತದೆ. ನಿಮ್ಮ ಫೋನಿಗೂ ನಿಮ್ಮ ಸಿಮ್ಮಿಗೂ ಅದು ಇದೆಯಾ ಅಂತ ಮೊದಲೇ ಖಾತ್ರಿ ಮಾಡಿಕೊಳ್ಳಿ. ಸ್ನೇಹಿತರ ವೈಫೈ ಇರುವ ಮನೆಗೆ ಹೋಗಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಮಾತ್ರ ಆನ್ ಮಾಡಿ ಕರೆ ಮಾಡಿ ನೋಡಿದರೆ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. ಹಳೇ ತಾಮ್ರದ ಲ್ಯಾಂಡ್‌ಲೈನ್‌ಗೆ ಕರೆಂಟ್ ಎಕ್ಸ್‌ಚೇಂಜ್‌ನ 48 ವೋಲ್ಟ್ ಬ್ಯಾಟರಿಯಿಂದ ತಂತಿಯಲ್ಲೇ ಬರುತ್ತಿತ್ತು. ಮನೆಯಲ್ಲಿ ಕರೆಂಟ್ ಹೋದರೂ ಫೋನ್ ಸಾಯುತ್ತಿರಲಿಲ್ಲ. ಫೈಬರ್‌ನಲ್ಲಿ ಕರೆಂಟ್ ಹರಿಯುವುದಿಲ್ಲ. ಮನೆಯ ಡಬ್ಬಿ ಆಫ್ ಆದರೆ ಅದಕ್ಕೆ ಸಿಕ್ಕಿಸಿದ ಫೋನೂ ಆಫ್. ವಯಸ್ಸಾದವರೇ ಇರುವ ಮನೆಯಾದರೆ ಮೋಡೆಮ್‌ಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಹಾಕಿಸದೆ ಫೈಬರ್ ಹಾಕಿಸಬೇಡಿ. ಸಾವಿರ ಎರಡು ಸಾವಿರ ರೂಪಾಯಿಗೆ ಸಿಗುತ್ತದೆ, ಕೆಲವು ಗಂಟೆ ತಡೆಯುತ್ತದೆ. ಇನ್ವರ್ಟರ್ ಇದ್ದರೆ ಅದೇ ಸಾಕು.

ಫೈಬರ್ ಬರುವುದಿಲ್ಲ, ಆದರೆ 5ಜಿ ಟವರ್ ಹತ್ತಿರದಲ್ಲಿದೆ ಅನ್ನುವವರಿಗೆ ಏರ್‌ಫೈಬರ್ ಅಂತ ಒಂದಿದೆ. 2023ರಲ್ಲಿ ಏರ್‌ಟೆಲ್, ಜಿಯೋ ಎರಡೂ ಶುರು ಮಾಡಿದವು. ಮಾಡಿನ ಮೇಲೆ ಆಂಟೆನಾ ಕೂರಿಸಿ ಒಳಗೆ ವೈಫೈ ಕೊಡುತ್ತಾರೆ. ಪೇಟೆಯಲ್ಲಿ ಒಳ್ಳೆಯದೇ. ಅಡಿಕೆ ತೋಟದ ನಡುವೆ, ಗುಡ್ಡದ ಮರೆಯಲ್ಲಿ ಇರುವವರು ಟೆಸ್ಟ್ ಮಾಡಿಸದೆ ದುಡ್ಡು ಕಟ್ಟಬೇಡಿ.

ಸ್ಪೀಡ್ ಎಷ್ಟು ಬೇಕು?

ಇದನ್ನು ಬೇಗ ಮುಗಿಸುತ್ತೇನೆ. ಎಚ್‌ಡಿ ಟೀವಿಗೆ 5 ಎಂಬಿಪಿಎಸ್ ಸಾಕು. ಅತಿ ಕಡಿಮೆ ಪ್ಲಾನ್‌ನಲ್ಲೇ ಸಾಧಾರಣವಾಗಿ 30 ಇರುತ್ತದೆ. ಒಂದು ಟೀವಿ, ಒಬ್ಬರ ಮನೆಯಿಂದಲೇ ಆಫೀಸ್ ಕೆಲಸ, ಮಕ್ಕಳ ಫೋನು ಎಲ್ಲ ಅದರಲ್ಲಿ ನಡೆಯುತ್ತದೆ. 30 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 30 ಎಂಬಿ ಅಲ್ಲ, ಎಂಟರಿಂದ ಭಾಗಿಸಬೇಕು, 4 ಎಂಬಿಗೆ ಸ್ವಲ್ಪ ಕಡಿಮೆ. ಡಯಲ್‌ಅಪ್‌ನಲ್ಲಿ 20 ನಿಮಿಷ ಹಿಡಿದ ಹಾಡಿಗೆ ಒಂದೂವರೆ ಸೆಕೆಂಡ್. ಅತಿ ಕಡಿಮೆಯದ್ದರಿಂದ ಶುರು ಮಾಡಿ. ಸಾಲದಿದ್ದರೆ ಆಮೇಲೆ ಏರಿಸಿ, ಒಂದು ಫೋನ್ ಕರೆಯಲ್ಲಿ ಏರಿಸುತ್ತಾರೆ. ಇಳಿಸಲು ಕೇಳಿದಾಗ ಮಾತ್ರ ಹತ್ತು ಪ್ರಶ್ನೆ.

ಅನ್‌ಲಿಮಿಟೆಡ್ ಅಂದರೂ ಮಿತಿ ಇರುತ್ತದೆ. ಬಹಳ ಪ್ಲಾನ್‌ಗಳಲ್ಲಿ ತಿಂಗಳಿಗೆ 3,300 ಜಿಬಿ, ಆಮೇಲೆ ಸ್ಪೀಡ್ ಇಳಿಯುತ್ತದೆ. ಸಾಮಾನ್ಯ ಮನೆಯವರು ಅದನ್ನು ಮುಟ್ಟಲಾರರು. ನಮ್ಮ ಕಾಲದಲ್ಲಿ ತಿಂಗಳಿಗೆ ಒಂದೆರಡು ಜಿಬಿಯೇ ಮಿತಿ, ಮೀರಿದರೆ ಎಂಬಿ ಲೆಕ್ಕದಲ್ಲಿ ದುಡ್ಡು. ಒಂದು ಪ್ಲಾನ್‌ನಲ್ಲಿ ರಾತ್ರಿ 2ರಿಂದ ಬೆಳಗ್ಗೆ 8ರ ತನಕ ಲೆಕ್ಕ ಇರಲಿಲ್ಲ. ನನ್ನ ಅಕ್ಕನ ಮಗ ಅಲಾರಾಂ ಇಟ್ಟು ಎದ್ದು ಸಿನಿಮಾ ಇಳಿಸುತ್ತಿದ್ದ. ಒಂದು ದಿನ ಎಂಟು ಗಂಟೆಗೆ ನಿಲ್ಲಿಸಲು ಮರೆತು ಮಲಗಿಬಿಟ್ಟ. ಆ ತಿಂಗಳ ಬಿಲ್ಲನ್ನು ಭಾವ ಫ್ರೇಮ್ ಹಾಕಿಸಬೇಕಿತ್ತು.

ಹಾಕುವ ದಿನ ಪಕ್ಕದಲ್ಲೇ ನಿಲ್ಲಿ

ಹುಡುಗರು ಬಂದಾಗ ಕಾಫಿ ಕೊಡಿ, ಆದರೆ ಒಳಗೆ ಹೋಗಿ ಕೂರಬೇಡಿ. ಮೊದಲನೇದು, ಮೋಡೆಮ್ ಎಲ್ಲಿ ಇಡಬೇಕು ಅಂತ ನೀವು ಹೇಳಿ. ಅವರಿಗೆ ಬಾಗಿಲ ಪಕ್ಕದ ಮೂಲೆ ಸುಲಭ. ನಮ್ಮ ಹಳೇ ಮನೆಗಳ ಮಣ್ಣಿನ ಗೋಡೆ ಒಂದೂವರೆ ಎರಡು ಅಡಿ ದಪ್ಪ. ಜಗಲಿಯಲ್ಲಿ ಇಟ್ಟರೆ ಅಡುಗೆಮನೆಗೆ ಬರುವಷ್ಟರಲ್ಲಿ ವೈಫೈ ಉಸಿರು ಹೋಗಿರುತ್ತದೆ. ನಡುಮನೆಯಲ್ಲಿ, ಎತ್ತರದಲ್ಲಿ, ಬಾಗಿಲಿನ ನೇರಕ್ಕೆ ಇಡಿಸಿ. ಕಬ್ಬಿಣದ ಬೀರು, ಫ್ರಿಜ್ಜಿನ ಹಿಂದೆ ಬೇಡ. ಮೋಡೆಮ್‌ನಲ್ಲಿ ಎರಡು ವೈಫೈ ಹೆಸರು ಕಾಣಬಹುದು. 2.4 ಅಂತ ಇರುವುದು ನಿಧಾನ, ಆದರೆ ಗೋಡೆ ದಾಟುತ್ತದೆ. 5 ಅಂತ ಇರುವುದು ಜೋರು, ಗೋಡೆ ಕಂಡರೆ ನಿಲ್ಲುತ್ತದೆ. ಉಪ್ಪರಿಗೆಯ ಕೋಣೆಗೆ ಬೇಕೇ ಬೇಕು ಅಂದರೆ ಮೋಡೆಮ್‌ನಿಂದ ಒಂದು ಲ್ಯಾನ್ ಕೇಬಲ್ ಎಳೆದು ಅಲ್ಲಿ ಇನ್ನೊಂದು ರೂಟರ್ ಇಡಿ. ಕೊಟ್ಟಿಗೆಗೆ, ಕಣದ ಶೆಡ್ಡಿಗೆ ಅಂತ ಹೊರಗಿನಿಂದ ಆ ಕೇಬಲ್ ಎಳೆಯಬೇಡಿ. ಅದು ತಾಮ್ರ, ಸಿಡಿಲಿಗೆ ದಾರಿ ಮಾಡಿಕೊಟ್ಟ ಹಾಗೆ.

ಸಿಡಿಲಿನ ಮಾತು ಬಂತಲ್ಲ. ಫೈಬರ್‌ಗೆ ಸಿಡಿಲಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಗಾಜಿಗೆ ಇಲ್ಲ, ನಿಜ. ಆದರೆ ಕಂಬದಿಂದ ಬರುವ ಕೇಬಲ್ಲಿನಲ್ಲಿ ಎಳೆತಕ್ಕೆ ತಡೆಯಲಿ ಅಂತ ಉಕ್ಕಿನ ತಂತಿ ಇರುತ್ತದೆ. ಅದನ್ನು ಮನೆಯ ಹೊರಗೇ ಬೇರೆ ಮಾಡಿ, ಗೋಡೆಯ ಕೊಕ್ಕೆಗೆ ಕಟ್ಟಿ, ಬರೀ ಫೈಬರ್ ಮಾತ್ರ ಒಳಗೆ ತರಬೇಕು. ಹುಡುಗರು ಅವಸರದಲ್ಲಿ ಹಾಗೇ ಒಳಗೆ ತಂದುಬಿಡುತ್ತಾರೆ. ಬಾಯಿಬಿಟ್ಟು ಹೇಳಿ ಮಾಡಿಸಿ. ಭರಣಿ, ಕೃತ್ತಿಕೆ ಮಳೆಯ ಗುಡುಗಿಗೆ ಮೋಡೆಮ್‌ನ ಕರೆಂಟ್ ಪ್ಲಗ್ಗನ್ನೂ ತೆಗೆಯಿರಿ.

ಎರಡನೇದು, ಹೊರಗೆ ಒಂದು ಸುತ್ತು ಕೇಬಲ್ ಜಾಸ್ತಿ ಬಿಡಿಸಿ. ಎಂಟು ಹತ್ತು ಮೀಟರ್. ನಾಳೆ ತುಂಡಾದರೆ ಅದೇ ಉಪಯೋಗಕ್ಕೆ ಬರುತ್ತದೆ, ಇಲ್ಲದಿದ್ದರೆ ಹೊಸ ಕೇಬಲ್ಲಿಗೆ ದುಡ್ಡು ಕೇಳುತ್ತಾರೆ. ಒಳಗೆ ಕಿಟಕಿ ಬಾಗಿಲಿನ ಸಂದಿಯಲ್ಲಿ ತೂರಿಸಲು ಬಿಡಬೇಡಿ, ಕಿಟಕಿ ಹಾಕಿದ ದಿನ ಎಳೆ ಪುಡಿ. ತೂತು ಕೊರೆಸಿ. ಮೂಲೆಯಲ್ಲಿ ಮಡಚಿ ಮೊಳೆ ಹೊಡೆಯುವುದೂ ಬೇಡ. ಚಹಾ ಲೋಟದ ಬಾಯಷ್ಟು ಅಗಲಕ್ಕೆ ಬಳುಕಿಸಿದರೆ ಸಾಕು.

ಮೂರನೇದು, ಜಾಯಿಂಟನ್ನು ಸ್ಪ್ಲೈಸಿಂಗ್ ಮಷಿನ್‌ನಲ್ಲಿ ಮಾಡಲು ಹೇಳಿ. ಕೈಯಲ್ಲೇ ಒತ್ತಿ ಹಾಕುವ ಕನೆಕ್ಟರ್ ಇದೆ, ಅದೂ ನಡೆಯುತ್ತದೆ, ಆದರೆ ಬೆಳಕು ಸೋರುತ್ತದೆ. ಎಲ್ಲ ಮುಗಿದ ಮೇಲೆ "ಪವರ್ ಎಷ್ಟು ಬರ್ತಿದೆ ತೋರಿಸಪ್ಪಾ" ಅಂತ ಕೇಳಿ. ಅವನ ಮೀಟರ್‌ನಲ್ಲೋ ಮೋಡೆಮ್‌ನ ಪುಟದಲ್ಲೋ ಮೈನಸ್ ಡಿಬಿಎಂ ಅಂತ ಒಂದು ಸಂಖ್ಯೆ ಬರುತ್ತದೆ, ಬೆಳಕು ಎಷ್ಟು ತಲುಪುತ್ತಿದೆ ಅನ್ನುವ ಅಳತೆ. ಮೈನಸ್ 20ರ ಆಸುಪಾಸು ಇದ್ದರೆ ಚೆನ್ನ. ಮೈನಸ್ 27 ಅಂದರೆ ತುದಿಯಲ್ಲಿ ನಿಂತಿದೆ, ಒಂದು ಮಳೆಗೆ ಬಿದ್ದು ಹೋಗುತ್ತದೆ, ಮತ್ತೆ ಜಾಯಿಂಟ್ ಮಾಡಿಸಿ. ಆ ಸಂಖ್ಯೆಯನ್ನು ಮೋಡೆಮ್ ಮೇಲೇ ಪೆನ್ನಿನಲ್ಲಿ ಬರೆದಿಡಿ. ನೀವು ಈ ಮಾತು ಕೇಳಿದ್ದೇ ತಡ, ಆ ಹುಡುಗ ಕೆಲಸ ಮಾಡುವ ರೀತಿ ಬದಲಾಗುತ್ತದೆ. ನಾನು ಪರೀಕ್ಷೆ ಮಾಡಿ ನೋಡಿದ್ದೇನೆ.

ಹಸಿರು ತುದಿಯ ಕನೆಕ್ಟರ್ ಕಳಚಬೇಡಿ, ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ, ಧೂಳಾಗಿದೆ ಅಂತ ಲುಂಗಿಯಲ್ಲಿ ಒರೆಸಬೇಡಿ. ಎಲ್‌ಓಎಸ್ ಅಂತ ಬರೆದ ಲೈಟ್ ಕೆಂಪಾದರೆ ಹೊರಗೆ ಎಲ್ಲೋ ಫೈಬರ್ ಹೋಗಿದೆ ಅಂತ. ಆಗ ಮೋಡೆಮ್ ಹತ್ತು ಸಲ ಆಫ್ ಆನ್ ಮಾಡಿ ಪ್ರಯೋಜನ ಇಲ್ಲ, ಹುಡುಗನಿಗೆ ಫೋನ್ ಮಾಡಿ. ಕೆಂಪಿಲ್ಲ, ಆದರೂ ನೆಟ್ ಬರುತ್ತಿಲ್ಲ ಅಂದರೆ ಒಂದು ಸಲ ಆಫ್ ಆನ್ ಮಾಡಿ ನೋಡಬಹುದು.

ವರ್ಷದ ಪ್ಲಾನ್ ಬೇಡ, ಈಗಲೇ ಬೇಡ

"ಒಂದು ವರ್ಷದ್ದು ಒಟ್ಟಿಗೆ ಕಟ್ಟಿದರೆ ಇನ್ಸ್ಟಲೇಷನ್ ಫ್ರೀ" ಅನ್ನುತ್ತಾರೆ. ಆಸೆ ಆಗುತ್ತದೆ. ಆದರೆ ಮೊದಲ ಮಳೆಗಾಲ ದಾಟುವ ತನಕ ತಿಂಗಳು ತಿಂಗಳು ಕಟ್ಟಿ. ದುಡ್ಡು ಕೈಯಲ್ಲಿದ್ದರೆ ಏಣಿ ಬೇಗ ಬರುತ್ತದೆ. ಫೋನಿನ ರೀಚಾರ್ಜನ್ನೂ ಮೊದಲ ತಿಂಗಳೇ ಇಳಿಸಬೇಡಿ. ಒಂದು 28 ದಿನ ಎರಡೂ ಇರಲಿ. ಆಮೇಲೆ ಮನೆಯಲ್ಲಿರುವವರದ್ದು ಮೊದಲು ಇಳಿಸಿ, ಓಡಾಡುವವರದ್ದು ಕೊನೆಗೆ.

ಮೋಡೆಮ್ ನಿಮ್ಮದಾ, ಅವರದ್ದಾ, ಡಿಪಾಸಿಟ್ ಎಷ್ಟು, ವಾಪಸ್ ಬರುತ್ತದಾ, ಇದನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಮಾತಿನಲ್ಲಿ ಬೇಡ. ತಂಗಿಯ ಮನೆಯದ್ದು ಬಿಡಿಸುವಾಗ ಮೋಡೆಮ್ ವಾಪಸ್ ಕೊಟ್ಟೆವು, ರಸೀದಿ ಕೇಳಲು ಮರೆತೆವು. ಎಂಟು ತಿಂಗಳಾದ ಮೇಲೆ "ನಿಮ್ಮ ಹತ್ತಿರ ನಮ್ಮ ಡಿವೈಸ್ ಇದೆ" ಅಂತ ಫೋನ್ ಬಂತು. ಭಾವ ಈಗಲೂ ಆ ನಂಬರ್ ಬಂದರೆ ಎತ್ತದೆ ನನ್ನ ಕೈಗೆ ಕೊಡುತ್ತಾರೆ.